ಸೂಪಿಗೆ ಬೆರೆಸಿದ್ದು

ಅತ್ತೆಯ ಅನುಮಾನ ಸುಳ್ಳಲ್ಲ. ನಾನು ಅವರ ಸೂಪಿಗೆ ಏನನ್ನೋ ಬೆರೆಸುತ್ತಿದ್ದೇನೆ.

ಗುಲಾಬಿ ಬಣ್ಣದ ಮಾತ್ರೆ. ಚಮಚದ ಬೆನ್ನಿನಿಂದ ಒತ್ತಿದರೆ ಪುಡಿಯಾಗುತ್ತದೆ. ಟೊಮೆಟೊ ಸೂಪಿನ ಕೆಂಪಿನಲ್ಲಿ ಕಾಣುವುದಿಲ್ಲ.

ನನ್ನ ಗಂಡ ಕಾಗದದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಅಲ್ಲೇ ತೀರಿಹೋದರು. ಮನೆಗೆ ತಂದಾಗ ಅತ್ತೆ ಪಕ್ಕದಲ್ಲೇ ಕುಳಿತಿದ್ದರು, ಮಗನ ಮುಖ ಸವರಿದ್ದರು. ಕೆಲವು ತಿಂಗಳಲ್ಲಿ ಆ ದಿನವೇ ಅವರ ತಲೆಯಿಂದ ಅಳಿಸಿಹೋಯಿತು. ಮೊದಲು ಗ್ಯಾಸ್ ಆರಿಸುವುದನ್ನು ಮರೆತರು, ಆಮೇಲೆ ನಮ್ಮ ಬೀದಿಯ ತಿರುವನ್ನು, ಆಮೇಲೆ ಇದನ್ನು. ಸಂಜೆಯಾದರೆ ಮೂರು ತಟ್ಟೆ ಇಡುತ್ತಾರೆ. ಪಾಳಿ ಮುಗಿದ ಸೈರನ್ ಕೇಳಿದೊಡನೆ ಬಾಗಿಲ ಕಡೆ ತಿರುಗುತ್ತಾರೆ.

ಪಾದ ಜುಮ್ಮೆನ್ನುತ್ತದೆಂದು ಗೋಡೆ ಹಿಡಿದು ನಡೆಯತೊಡಗಿದಾಗ ಡಾಕ್ಟರ ಬಳಿ ಕರೆದೊಯ್ದೆ. ಅವರು ನಾಲಿಗೆ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು.

“ವಿಟಮಿನ್ ಬಿ ಹನ್ನೆರಡು ತೀರಾ ಕಮ್ಮಿ ಇದೆ. ಎದೆಯುರಿಗೆ ಅಂತ ವರ್ಷಗಟ್ಟಲೆ ಮಾತ್ರೆ ನುಂಗಿದಾರೆ, ಹೊಟ್ಟೆಗೆ ಬರೀ ಚಹಾ, ಬ್ರೆಡ್ಡು. ಈ ಮರೆವು, ಅನುಮಾನ ಎಲ್ಲ ಅದರಿಂದಲೇ ಇರಬಹುದು.”

“ಸರಿಹೋಗುತ್ತಾ?”

“ಈಗ ಶುರು ಮಾಡಿದ್ರೆ ತಲೆ ತಿಳಿಯಾಗಬಹುದು. ಬಿಟ್ರೆ ಕಾಲೂ ಹೋಗುತ್ತೆ, ತಲೆಯೂ ಹೋಗುತ್ತೆ. ಆಮೇಲೆ ನನ್ನ ಕೈಲೂ ಏನೂ ಆಗಲ್ಲ.”

ತಿಳಿಯಾದ ತಲೆಗೆ ಮೊದಲು ನೆನಪಾಗುವುದೇನು ಎಂದು ಡಾಕ್ಟರಿಗೆ ಗೊತ್ತಿರಲಿಲ್ಲ.

ಸೂಜಿ ಚುಚ್ಚಲು ಬಂದ ನರ್ಸಿನ ಕೈಯನ್ನು ಅತ್ತೆ ಕಚ್ಚಿದರು. ಕೊನೆಗೆ ಡಾಕ್ಟರು ಮಾತ್ರೆ ಕೊಟ್ಟು, ಹೇಗಾದರೂ ಹೊಟ್ಟೆಗೆ ಸೇರಿಸಿ ಎಂದರು.

ಮೊಟ್ಟೆ ಬೇಯಿಸಿಟ್ಟರೆ ಅತ್ತೆ ಸಿಪ್ಪೆಯಲ್ಲಿ ತೂತು ಹುಡುಕುತ್ತಾರೆ. ಸೂಪನ್ನು ಮೂಸುತ್ತಾರೆ.

“ಎರಡೆರಡು ಡಿಗ್ರಿ ಓದಿದೀಯ, ಒಂದು ಸೂಪು ನೆಟ್ಟಗೆ ಮಾಡಕ್ಕೆ ಬರಲ್ವಲ್ಲೇ. ಮೊದಲು ನೀನು ಕುಡಿ. ಸಾಯೋದಿದ್ರೆ ಜೊತೆಗೇ ಸಾಯೋಣ.”

ಕುಡಿಯುತ್ತೇನೆ. ಬೇಸಿಗೆಯಿಂದ ನನಗೆ ಯಾವುದರ ರುಚಿಯೂ ತಿಳಿಯುತ್ತಿಲ್ಲ.

ಕೆಲವು ವಾರಗಳಲ್ಲಿ ಅತ್ತೆ ಗೋಡೆ ಬಿಟ್ಟು ನಡೆದರು. ಎದುರು ಅಂಗಡಿಯ ಟೈಲರನನ್ನು ಗುರುತು ಹಿಡಿದು, “ನನ್ನ ಬಟ್ಟೆ ಯಾವಾಗ ಕೊಡ್ತೀಯೋ, ಮುಂದಿನ ಜನ್ಮಕ್ಕಾ?” ಎಂದರು.

“ಅಮ್ಮ ಮೊದಲಿನ ಹಾಗೇ ಬೈದ್ರು, ಅಕ್ಕಾ!” ಎಂದು ಅವನು ಓಡಿಬಂದು ಹೇಳಿದ.

ನನ್ನ ಗಂಡ ಇನ್ನೂ ಬದುಕಿರುವುದು ಅತ್ತೆಯ ತಲೆಯಲ್ಲಿ ಮಾತ್ರ.

ನಿನ್ನೆ ಸಂಜೆ ಅತ್ತೆ ಮೂರನೇ ತಟ್ಟೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನನ್ನ ಕೈಯಲ್ಲಿ ಚಮಚ, ಅದರಡಿ ಮಾತ್ರೆ.

“ಏನೇ ಅದು?”

“ಔಷಧಿ, ಅತ್ತೆ. ನಿಮ್ಮ ಮರೆವಿಗೆ.”

ಬೈಯಲಿಲ್ಲ. ತಟ್ಟೆಯ ಅಂಚನ್ನು ಸೆರಗಿನಿಂದ ಒರೆಸುತ್ತ ನಿಂತರು.

“ನಿಲ್ಲಿಸಿಬಿಡು ಮಗಳೇ. ನೀನು ಅದು ಹಾಕೋಕೆ ಶುರು ಮಾಡಿದಾಗಿಂದ ಅವನು ಬರೋದು ತಡ ಆಗ್ತಾ ಇದೆ.”

ಅವರು ನನ್ನನ್ನು ಮಗಳೇ ಎಂದು ಕರೆದದ್ದು ಅದೇ ಮೊದಲು.

ಚಮಚ ಒತ್ತಿದೆ. ಅವರ ಎದುರಿಗೇ ಪುಡಿಯನ್ನು ಸೂಪಿಗೆ ಕಲಕಿದೆ. ಮೊದಲ ಗುಟುಕು ನಾನು ಕುಡಿದು ಬಟ್ಟಲನ್ನು ಅವರ ಮುಂದಿಟ್ಟೆ. ಅತ್ತೆ ಕುಳಿತು, ತಳ ಕಾಣುವವರೆಗೂ ಕುಡಿದರು. ತಟ್ಟೆ ಅವರ ಮಡಿಲಲ್ಲೇ ಇತ್ತು.

ಸೈರನ್ ಕೂಗಿತು. ಅವರು ಬಾಗಿಲ ಕಡೆ ತಿರುಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.