ಕುಂಚದ ತುದಿ ಬಾಯಿಗಲ್ಲ

ಮನೆಯ ಮುಂದಿನ ಉದ್ದ ಕೋಣೆಯಲ್ಲಿ ಮಗ ಮರದ ಅಚ್ಚನ್ನು ಬಣ್ಣಕ್ಕೆ ಅದ್ದಿ ಬಟ್ಟೆಯ ಮೇಲೆ ಒತ್ತುತ್ತಿದ್ದ. ಅಚ್ಚು ಬಿಟ್ಟ ಜಾಗದಲ್ಲಿ ಬಳ್ಳಿ, ಎಲೆ, ಹಕ್ಕಿಯ ಕಣ್ಣು ಬರೆಯುವುದು ತಾಯಿಯ ಕೆಲಸ. ಅದಕ್ಕೇ ಅವಳಿಗೆ ಬಳ್ಳಿಯಮ್ಮ ಎಂಬ ಹೆಸರು ಬಿದ್ದಿತ್ತು. ಕುಂಚದ ಕೂದಲು ಕೆದರಿದಾಗಲೆಲ್ಲ ಬಳ್ಳಿಯಮ್ಮ ಅದನ್ನು ತುಟಿಗಳ ನಡುವೆ ಇಟ್ಟು ಎಳೆದು ಚೂಪು ಮಾಡಿಕೊಳ್ಳುತ್ತಿದ್ದಳು. ಅವಳ ಅತ್ತೆ ಕಲಿಸಿದ್ದು ಹಾಗೆ. ಈಗ ತನ್ನ ಸೊಸೆಗೂ ಹಾಗೆಯೇ ಕಲಿಸಿದ್ದಳು. ಸೊಸೆ ಐದು ತಿಂಗಳ ಬಸುರಿ.

ಆ ದಿನ ಆರೋಗ್ಯ ಕೇಂದ್ರದ ನರ್ಸ್ ತಪಾಸಣೆಗೆ ಬಂದಳು.

"ನಾಲಿಗೆ ತೋರಿಸಮ್ಮ."

ಸೊಸೆ ತೋರಿಸಿದಳು. ನಾಲಿಗೆ ನೀಲಿಯಾಗಿತ್ತು.

"ಏನು ತಿಂದೆ?"

"ಏನೂ ಇಲ್ಲ ಅಕ್ಕಾ. ಬೆಳಗ್ಗೆಯಿಂದ ಎಲೆ ಬರೀತಿದ್ದೆ."

ನರ್ಸ್ ಬಳ್ಳಿಯಮ್ಮನ ಕಡೆ ತಿರುಗಿದಳು. "ಅಮ್ಮಾ, ಈ ಬಣ್ಣ ಯಾವುದರಿಂದ ಮಾಡ್ತೀರಿ?"

"ನಮ್ಮತ್ತೆ ಬೇರು, ತೊಗಟೆ ಕುದಿಸ್ತಿದ್ರು. ಈಗ ಅಷ್ಟು ಪುರುಸೊತ್ತು ಯಾರಿಗಿದೆ? ಪೊಟ್ಟಣದ ಪುಡಿ."

ನರ್ಸ್ ಪೊಟ್ಟಣ ತಿರುಗಿಸಿ ಓದಿದಳು. "ಬಾಯಿಗೆ ತಾಗಿಸಬೇಡಿ ಅಂತ ಬರೆದಿದೆಯಲ್ಲಮ್ಮಾ."

"ಅದು ಚಿಕ್ಕ ಮಕ್ಕಳಿಗೆ ಬರೆದಿರೋದು."

"ಮಗು ಒಳಗಿದೆಯಲ್ಲ!"

ಅಚ್ಚು ಒತ್ತುತ್ತಿದ್ದ ಮಗ ಕಿಸಕ್ಕನೆ ನಕ್ಕ. ತಾಯಿ ದುರುಗುಟ್ಟಿ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡ.

"ನೋಡು ತಾಯಿ, ಮೂವತ್ತು ವರ್ಷದಿಂದ ಬಾಯಿಗೆ ಇಡ್ತಿದೀನಿ. ಗುಂಡುಕಲ್ಲಿನ ಹಾಗಿದೀನಿ. ನಿನ್ನೆ ಮೊನ್ನೆ ಓದಿ ಬಂದವಳು ನನಗೆ ಕುಂಚ ಹಿಡಿಯೋದು ಹೇಳಿಕೊಡ್ತೀಯಾ?"

"ಇಲ್ಲಮ್ಮಾ, ಅದನ್ನ ನಿಮ್ಮಿಂದಲೇ ಕಲೀಬೇಕು. ಒಂದು ಗಾಜಿನ ಲೋಟದಲ್ಲಿ ನೀರು ತನ್ನಿ. ಕುಂಚ ಬಾಯಿಗೆ ಇಡಬೇಕು ಅನ್ನಿಸಿದಾಗಲೆಲ್ಲ ಇದಕ್ಕೆ ಅದ್ದಿ. ಈ ಒಂದು ಅಂಚು ಮುಗಿಸಿ, ಸಾಕು."

ಬಳ್ಳಿಯಮ್ಮ ಮೂತಿ ಸೊಟ್ಟ ಮಾಡಿದಳು. ಆದರೂ ಕೂತಳು. ನರ್ಸ್ ಸೊಸೆಯ ತೂಕ ನೋಡಿದಳು, ರಕ್ತದ ಒತ್ತಡ ನೋಡಿದಳು, ಚೀಟಿ ಬರೆದಳು. ಅಷ್ಟರಲ್ಲಿ ಅಂಚು ಮುಗಿಯಿತು. ಲೋಟದ ನೀರು ಕಡುನೀಲಿಯಾಗಿ, ಲೋಟದ ಆಚೆ ಹಿಡಿದ ಬೆರಳೂ ಕಾಣದಂತಾಗಿತ್ತು.

"ಈಗ ಇದನ್ನ ಕುಡೀತೀರಾ?" ನರ್ಸ್ ಮೆಲ್ಲಗೆ ಕೇಳಿದಳು.

"ಯಾರಾದ್ರೂ ಕುಡೀತಾರಾ!"

"ಸೊಸೆ ದಿನಕ್ಕೆ ಇಂಥ ಎಷ್ಟು ಅಂಚು ಬರೀತಾಳೆ?"

ಬಳ್ಳಿಯಮ್ಮನಿಗೆ ಉತ್ತರ ಗೊತ್ತಿತ್ತು. ನಾಲ್ಕು. ಅವಳು ಲೋಟವನ್ನು ದೂರ ಸರಿಸಿದಳು. ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

"ಕೆಲವು ಬಣ್ಣದಲ್ಲಿ ಸೀಸದಂಥ ವಿಷ ಇರುತ್ತೆ ಅಮ್ಮಾ. ತಾಯಿಯ ರಕ್ತ ಸೇರಿದ್ರೆ ಮಗುವಿಗೂ ಹೋಗುತ್ತೆ. ಈ ಪುಡಿಯಲ್ಲಿ ಏನಿದೆ ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಗಾಬರಿ ಬೇಡ. ನಾಳೆ ಇಬ್ಬರೂ ಬಂದು ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಬೇಕಾ ಅಂತ ಅವರು ಹೇಳ್ತಾರೆ."

"ಬಾಯಿಗೆ ಇಡದೆ ತುದಿ ಚೂಪಾಗೋದು ಹೇಗೆ?" ಬಳ್ಳಿಯಮ್ಮನ ದನಿ ತಗ್ಗಿತ್ತು.

ನರ್ಸ್ ಹಳೆ ಬಟ್ಟೆಯೊಂದನ್ನು ನಾಲ್ಕು ಮಡಿಕೆ ಮಾಡಿ, ಒದ್ದೆ ಮಾಡಿ ಪಕ್ಕದಲ್ಲಿಟ್ಟಳು. "ಇದರ ಮೇಲೆ ಹೊರಳಿಸಿ ಎಳೀರಿ."

ಬಳ್ಳಿಯಮ್ಮ ಎಳೆದಳು. ಮೊದಲ ಗೆರೆ ದಪ್ಪಗೆ ಬಂತು. ಎರಡನೆಯದು ಅಂಕುಡೊಂಕಾಯಿತು. ಆರನೆಯದು ಕೂದಲೆಳೆಯಂತೆ ಬಂತು. "ಪರವಾಗಿಲ್ಲ," ಎಂದಳು.

ಅತ್ತ ಸೊಸೆ ತನ್ನ ಕೆಲಸ ಹಿಡಿದಿದ್ದಳು. ಅಭ್ಯಾಸಬಲದಿಂದ ಕುಂಚ ತುಟಿಯ ಹತ್ತಿರ ಹೋಯಿತು. ಬಳ್ಳಿಯಮ್ಮ ಥಟ್ಟನೆ ಅವಳ ಕೈ ಹಿಡಿದಳು.

"ಬೇಡ ಮಗಳೇ. ನಾನು ಕಲಿಸಿದ್ದು ತಪ್ಪು."

ಬಣ್ಣದ ಕೆಲಸ ಮಾಡುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕುಂಚವನ್ನು ಬಾಯಿಗೆ ಇಡಬೇಡಿ. ಪಕ್ಕದಲ್ಲಿ ಒಂದು ಒದ್ದೆ ಬಟ್ಟೆ ಇಟ್ಟುಕೊಳ್ಳಿ. ಬಣ್ಣ ತಾಗಿದ ಲೋಟ, ಪಾತ್ರೆ ಅಡುಗೆಮನೆಗೆ ಹೋಗಬಾರದು. ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ನಿಮ್ಮ ಪಕ್ಕ ಕೂತು ಕೆಲಸ ಕಲಿಯುವವರು ನಿಮ್ಮ ಕೈಯನ್ನಷ್ಟೇ ಅಲ್ಲ, ಬಾಯಿಯನ್ನೂ ನೋಡುತ್ತಿರುತ್ತಾರೆ. ಅವರಿಗೆ ಇವತ್ತೇ ಹೇಳಿ.