ಒಳಕ್ಕೆ ಒಂದು ಹೆಜ್ಜೆ

ಯಾರಿಗೂ ಹೇಳದ ಚಿಂತೆಯೊಂದನ್ನು ಡೈರಿಯಲ್ಲಿ ಬರೆದಿಟ್ಟಿದ್ದೆ: ಯಾರಾದರೂ ಹತ್ತಿರ ಬಂದರೆ ನಾನು ಹಿಂದೆ ಸರಿಯುತ್ತೇನೆ. ಟೈಮೆಷ್ಟು ಎಂದು ಕೇಳಿದವರಿಂದಲೂ.

ತೈಚಿ ಎಂಬ ಚೀನೀ ಕಸರತ್ತಿನ ಕ್ಲಾಸಿನಲ್ಲೂ ಅದೇ ಕಥೆ. ಚಿಕ್ಕಮ್ಮ ತನ್ನ ಮಂಡಿನೋವಿಗೆಂದು ಸೇರಿಕೊಂಡು ನನ್ನನ್ನೂ ಎಳೆದುಕೊಂಡು ಹೋಗಿದ್ದಳು. ಜೋಡಿ ಅಭ್ಯಾಸದಲ್ಲಿ ಅವಳು ಹೊಡೆಯುವವಳಂತೆ ಕೈ ಎತ್ತಿದರೆ ಸಾಕು, ನಾನು ಗೋಡೆ ಮುಟ್ಟುವವರೆಗೂ ಹೋಗುತ್ತಿದ್ದೆ.

"ಜೀವನವಿಡೀ ರಿವರ್ಸ್ ಗೇರಲ್ಲೇ ಓಡಿಸ್ತೀಯೇನಮ್ಮ?" ಎನ್ನುತ್ತಿದ್ದರು ಮೇಷ್ಟ್ರು. ಅವರು ನಿವೃತ್ತ ಬಸ್ ಡ್ರೈವರ್. "ಓಡೋಕೆ ದಾರಿ ಇದ್ರೆ ಓಡು. ಇಲ್ದಿದ್ರೆ ಹೊಡೆಯೋನ ಹತ್ತಿರಕ್ಕೇ, ಒಳಗೆ ಬಾ. ನೀನು ಹಿಂದೆ ಹೋದಷ್ಟೂ ಅವನ ಕೈಗೆ ಜಾಗ ಸಿಗುತ್ತೆ. ಮೊಣಕೈಗೆ ಅಂಟ್ಕೊಂಡು ಸೊಂಟ ತಿರುಗಿಸು, ಅಷ್ಟೇ."

ಧೈರ್ಯ ಮಾಡಿ ಹಾಗೆ ಒಳಗೆ ಹೋದಾಗಲೆಲ್ಲ ಚಿಕ್ಕಮ್ಮನಿಗೆ "ಸಾರಿ" ಎನ್ನುತ್ತಿದ್ದೆ.

"ಹೊಡೆಯೋಕೆ ಬಂದವಳು ನಾನು ಕಣೇ, ಸಾರಿ ನಿಂದಾ?" ಎಂದು ಅವಳು ನಗುತ್ತಿದ್ದಳು.

ನನಗೆ ನಗು ಬರುತ್ತಿರಲಿಲ್ಲ. ಆಫೀಸಿನ ರೆಕಾರ್ಡ್ ರೂಮಿಗೆ ಒಂದೇ ಬಾಗಿಲು. ಮೂರು ವಾರದಿಂದ ನಾನು ಫೈಲು ತರಲು ಹೋದಾಗಲೆಲ್ಲ ಸೂಪರ್‌ವೈಸರ್ ಹಿಂದೆಯೇ ಬಂದು ಆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ದಿನಕ್ಕೊಂದು ಹೆಜ್ಜೆ ಹತ್ತಿರ.

ಇವತ್ತು ಹನ್ನೊಂದು ಗಂಟೆಗೆ ಬಂದವರು ಬಾಗಿಲನ್ನೂ ಮುಚ್ಚಿದರು.

"ಯಾಕೆ ಹೆದರ್ತೀಯಾ? ನಾನೇನು ಹುಲಿನಾ, ಕರಡಿನಾ?" ಎನ್ನುತ್ತಾ ಭುಜದತ್ತ ಕೈ ಚಾಚಿದರು.

ಬೆನ್ನಿಗೆ ಕಬ್ಬಿಣದ ರ‍್ಯಾಕ್ ತಣ್ಣಗೆ ತಗುಲಿತು. ಸರಿಯಲು ಜಾಗ ಉಳಿದಿರಲಿಲ್ಲ. ಹಿಂದಿಡಲಾಗದ ಕಾಲನ್ನೇ ಎತ್ತಿ ಅವರ ಬೂಟಿನ ಪಕ್ಕಕ್ಕಿಟ್ಟೆ. ಅವರ ತಲೆಗೆಣ್ಣೆಯ ವಾಸನೆ ಮೂಗಿಗೆ ಬಡಿಯುವಷ್ಟು ಹತ್ತಿರ. ನನ್ನ ಮುಂಗೈ ಅವರ ಮೊಣಕೈಗೆ ಅಂಟಿತು, ಸೊಂಟ ತಿರುಗಿತು. ಚಾಚಿದ ಕೈಯ ಹಿಂದೆಯೇ ಅವರೂ ಹೋಗಿ ರ‍್ಯಾಕಿಗೆ ಢಿಕ್ಕಿ ಹೊಡೆದರು. ಫೈಲುಗಳು ದಬದಬನೆ ಬಿದ್ದವು.

"ಸಾರಿ ಸರ್," ಎಂದುಬಿಟ್ಟೆ. ಹಾಳು ಅಭ್ಯಾಸ.

ಸದ್ದು ಕೇಳಿ ಟೈಪಿಸ್ಟ್ ಅಕ್ಕ ಬಾಗಿಲು ತಳ್ಳಿಕೊಂಡು ಬಂದರು. ಅವರ ಹಿಂದೆ ಮ್ಯಾನೇಜರ್.

"ಏನಿಲ್ಲ, ಈ ಹುಡುಗಿ ಎಡವಿ ನನ್ನ ಮೇಲೆ ಬಿದ್ಲು," ಎಂದರು ಸೂಪರ್‌ವೈಸರ್, ಅಂಗಿ ಕೊಡವಿಕೊಳ್ಳುತ್ತಾ. "ಸಾರಿನೂ ಕೇಳಿದ್ಲು. ಅಲ್ವೇನಮ್ಮ?"

ಅಕ್ಕ ನನ್ನನ್ನೇ ನೋಡುತ್ತಿದ್ದರು. ಬಾಗಿಲು ಈಗ ಪೂರ್ತಿ ತೆರೆದಿತ್ತು. ತಲೆಯಾಡಿಸಿ ಹೊರಗೆ ಹೋದರೆ ಇವತ್ತಿನದು ಮುಗಿಯುತ್ತಿತ್ತು. ಆದರೆ ನಾಳೆಯೂ ಫೈಲು ಇಲ್ಲೇ ಇರುತ್ತದೆ, ಇವರೂ ಇರುತ್ತಾರೆ.

ಮ್ಯಾನೇಜರ್ ಕಡೆಗೆ ಒಂದು ಹೆಜ್ಜೆ ಮುಂದೆ ಬಂದೆ.

"ನಾನು ಎಡವಲಿಲ್ಲ ಸರ್. ಇವರು ಬಾಗಿಲು ಹಾಕಿ ನನ್ನ ಮೈ ಮುಟ್ಟೋಕೆ ಬಂದ್ರು."