ಕದಿರಮ್ಮನ ರಂಗೋಲಿ, ಮನೆಬಸ್ಸಿನ ಕ್ಯಾಮೆರಾ

ನಮ್ಮ ಕಡೆ ಒಂದು ದೊಡ್ಡ ಗಾಡಿ ಹಿಂದಕ್ಕೆ ಹೋಗಬೇಕಾದರೆ ಊರೇ ಸೇರುತ್ತದೆ. ಟೀ ಕುಡಿಯುತ್ತಿದ್ದವನು ಲೋಟ ಹಿಡಿದೇ ಎದ್ದು ಬರುತ್ತಾನೆ. ಡೇರಿಗೆ ಹೊರಟವನು ಹಾಲಿನ ಕ್ಯಾನು ಕೆಳಗಿಟ್ಟು ನಿಲ್ಲುತ್ತಾನೆ. ಒಬ್ಬ ಗಾಡಿಯ ಮೈಗೆ ದಬದಬ ಬಡಿಯುತ್ತಾ "ಬರ್ಲಿ, ಬರ್ಲಿ" ಅನ್ನುತ್ತಾನೆ. ಇನ್ನೊಬ್ಬ "ಲೆಫ್ಟ್ ಕಟ್ ಮಾಡು ಗುರು" ಅನ್ನುತ್ತಾನೆ. ಗಾಡಿ ಹೋಗಿ ಕಾಂಪೌಂಡಿಗೆ ಗುದ್ದಿದ ಮೇಲೆ ಇಬ್ಬರೂ ಒಟ್ಟಿಗೆ "ಸಾಕು, ಸಾಕು" ಅನ್ನುತ್ತಾರೆ. ಇದನ್ನು ನೋಡಿ ನೋಡಿ ನನಗೆ ತಲೆ ಕೆಟ್ಟಿದೆ. ಅದಕ್ಕೇ ಈ ಕಥೆ ಹೇಳುತ್ತಿದ್ದೇನೆ.

ನಾನು ಅಕ್ಕಯಮ್ಮ, ಸಾಸಲಿನವಳು, ನಮ್ಮ ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ. ನನ್ನ ಬಾಯಿ ಸ್ವಲ್ಪ ಜೋರು ಎಂದು ಸಂಘದವರು ಹೇಳುತ್ತಾರೆ. ಹೇಳಲಿ. ನಮ್ಮ ಪಕ್ಕದ ಮನೆ ಚಿಕ್ಕವೆಂಕಟಪ್ಪನದು. ಆಯಸ್ಸೆಲ್ಲ ಲಾರಿ ಓಡಿಸಿದ ಮನುಷ್ಯ. ವಯಸ್ಸಾಯಿತೆಂದು ಲಾರಿ ಬಿಟ್ಟು ಮನೆಯಲ್ಲಿ ಕೂತ, ಕೂತು ಕೂತು ಎಲ್ಲರ ಮೇಲೂ ಸಿಡುಕಲು ಶುರು ಮಾಡಿದ. ಅವನ ಮಗ ಹರಿಪ್ರಸಾದ್ ಹೊಸಕೋಟೆ ಕಡೆ ಫ್ಯಾಕ್ಟರಿಯಲ್ಲಿ ಕೆಲಸದಲ್ಲಿದ್ದಾನೆ. ಅಪ್ಪನ ಅವಸ್ಥೆ ನೋಡಲಾರದೆ ಒಂದು ಹಳೆಯ ಬಸ್ಸು ಹಿಡಿದು, ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು, ಫ್ಯಾನು ಎಲ್ಲ ಕೂರಿಸಿ, ಆರ್‌ಟಿಒ ಆಫೀಸಿಗೆ ಅಲೆದು ಒಪ್ಪಿಗೆ ಮಾಡಿಸಿಕೊಂಡು ಬಂದ. ಪೇಟೆಯವರು ಇದಕ್ಕೆ ಮೋಟರ್‌ಹೋಮ್ ಅನ್ನುತ್ತಾರಂತೆ. ನಾವು ಮನೆಬಸ್ಸು ಅನ್ನುತ್ತೇವೆ. ಬಾಡಿಗೆಗೆ ಬರುವ ಕುಟುಂಬಗಳಿಗೆ ಊರೂರು ತೋರಿಸಿಕೊಂಡು ಬರುವುದು ಚಿಕ್ಕವೆಂಕಟಪ್ಪನ ಕೆಲಸ. ಜೊತೆಯಲ್ಲಿ ಅಡುಗೆಗೆ ಅವನ ಹೆಂಡತಿ ಕದಿರಮ್ಮ.

ಈ ಕದಿರಮ್ಮನಿಗೆ ಒಂದು ಅಭ್ಯಾಸ. ಬಸ್ಸು ಯಾವ ಊರಲ್ಲಿ ನಿಂತರೂ ಸರಿ, ಬೆಳಗ್ಗೆ ಎದ್ದು ಅದರ ಬಾಗಿಲ ಮುಂದೆ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕಬೇಕು. "ಮನೆ ಅಂದ್ಮೇಲೆ ಬಾಗ್ಲು ಬೋಳಾಗಿರ್ಬಾರ್ದು ಕಣಕ್ಕ" ಅನ್ನುತ್ತಾಳೆ. ಮಾತು ಸರಿಯೇ. ಆದರೆ ಈ ಮನೆಯ ಬಾಗಿಲು ಇರುವುದು ಬಸ್ಸಿನ ಹಿಂದುಗಡೆ. ಅಂದರೆ ದಿನಾ ಬೆಳಗ್ಗೆ ಕದಿರಮ್ಮ ಕುಕ್ಕರುಗಾಲಲ್ಲಿ ಕೂರುತ್ತಿದ್ದದ್ದು ಯಾವ ಕನ್ನಡಿಗೂ ಸಿಕ್ಕದ ಜಾಗದಲ್ಲಿ. ಇದು ನಮ್ಮಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ನಾವು ಸಂಘದ ಹೆಂಗಸರೇ ಮನೆಬಸ್ಸಿನಲ್ಲಿ ಪ್ರವಾಸ ಹೊರಟೆವು. ದಾರಿಯಲ್ಲಿ ಒಂದು ಮಾವಿನ ತೋಪಿನಲ್ಲಿ ತಂಗಿದ್ದೆವು. ಬೆಳಗ್ಗೆ ಬಿಸಿಲೇರುವ ಮೊದಲೇ ಹೊರಡೋಣವೆಂದು ಚಿಕ್ಕವೆಂಕಟಪ್ಪ ಇಂಜಿನ್ ಚಾಲು ಮಾಡಿ ಹಿಂದಿನ ಗೇರ್ ಹಾಕಿದ. ಹರಿಪ್ರಸಾದ್ ರಜೆ ಹಾಕಿ ಬಂದಿದ್ದ. ಅವನು ಎಡಗಡೆ ಮುಂದಿನ ಚಕ್ರದ ಹತ್ತಿರ ನಿಂತು, ಬಸ್ಸಿನ ಮೈ ಬಡಿಯುತ್ತಾ "ಬರ್ಲಿ ಅಪ್ಪಾ, ಬರ್ಲಿ" ಅಂದ. ಅಲ್ಲಿ ನಿಂತವನಿಗೆ ಹಿಂದೆ ಏನಿದೆ ಎಂದು ಹೇಗೆ ಕಾಣಬೇಕು? ಕದಿರಮ್ಮ ಚುಕ್ಕಿ ಎಣಿಸುತ್ತಾ ಕೂತಿದ್ದಳು. ಬಸ್ಸು ಮುಂದಕ್ಕೆ ಹೋಗುತ್ತದೆ ಎಂದೇ ಅವಳು ತಿಳಿದಿದ್ದಳಂತೆ.

ನಾನು ತೊಟ್ಟಿಯ ಹತ್ತಿರ ಮುಖ ತೊಳೆಯುತ್ತಿದ್ದವಳು ತಿರುಗಿ ನೋಡಿದೆ. ನಾನು ಕಿರುಚಿದ ಕಿರುಚಿಗೆ ತೋಪಿನ ಹಕ್ಕಿಗಳೆಲ್ಲ ಎದ್ದವು. ಬಸ್ಸು ನಿಂತಿತು. ನೀರಿನ ಬಕೆಟ್ಟು ಚಕ್ರದ ಕೆಳಗೆ ಚಪ್ಪಟೆಯಾಗಿತ್ತು. ಕದಿರಮ್ಮ ಹಿಂದಕ್ಕೆ ಬಿದ್ದು ಮುಂಗೈ ಉಳುಕಿಸಿಕೊಂಡಿದ್ದಳು. ಅವಳ ಪಾದಕ್ಕೂ ಚಕ್ರಕ್ಕೂ ಒಂದು ಗೇಣು ಜಾಗವಿತ್ತು. ಚಿಕ್ಕವೆಂಕಟಪ್ಪ ಇಳಿದು ಬಂದು ನೋಡಿದವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಪ್ರವಾಸ ಅಲ್ಲಿಗೇ ಮುಗಿಯಿತು.

ಊರಿಗೆ ಬಂದವನು ಬಸ್ಸನ್ನು ಹೊಂಗೆಮರದ ಕೆಳಗೆ ನಿಲ್ಲಿಸಿ, ಬೀಗದ ಕೈ ಮಗನ ಮುಂದಿಟ್ಟ. "ಇದನ್ನ ಮಾರ್ಬಿಡು. ನಾನಿನ್ನು ಸ್ಟೇರಿಂಗ್ ಮುಟ್ಟಲ್ಲ" ಅಂದ. ಹೊಸಕೋಟೆಯಿಂದ ಯಾರೋ ಭಾನುವಾರ ಬಸ್ಸು ನೋಡಲು ಬರುತ್ತಾರೆ ಎಂಬ ಮಾತೂ ಆಯಿತು.

ಚಿಕ್ಕವೆಂಕಟಪ್ಪನ ಸೊಸೆ ಆಶಾರಾಣಿ ದೊಡ್ಡಬಳ್ಳಾಪುರದಲ್ಲಿ ಕ್ಯಾಮೆರಾ ಕೂರಿಸುವ ಕೆಲಸ ಕಲಿತು, ಮಗ್ಗದ ಶೆಡ್ಡುಗಳಿಗೆಲ್ಲ ಹಾಕಿಕೊಡುತ್ತಾಳೆ. ಅವಳು ಕಾಫಿ ತಂದಿಟ್ಟು ಮೆಲ್ಲಗೆ ಮಾತು ತೆಗೆದಳು. ನಾನೂ ಅಲ್ಲೇ ಇದ್ದೆ.

"ಮಾವ, ಹಿಂದೆ ಒಂದು ಕ್ಯಾಮೆರಾ ಹಾಕ್ಬಿಟ್ರೆ ನೀವು ಸೀಟಲ್ಲಿ ಕೂತೇ ಎಲ್ಲಾ ನೋಡ್ಬೋದು."

"ಅದು ಹೊಸದಾಗಿ ಕಾರು ಕಲಿಯೋರಿಗೆ ಕಣಮ್ಮ. ನಾನು ಕಿವೀಲೇ ರಿವರ್ಸ್ ತಗೊಂಡೋನು. ಬಡಿಯೋ ಸದ್ದು ಕೇಳಿದ್ರೆ ಸಾಕು ನಂಗೆ."

ನನಗೆ ತಡೆಯಲಾಗಲಿಲ್ಲ. "ಕದಿರಿ ಕೂತಿದ್ದು ನಿನ್ನ ಕಿವೀಗೆ ಕೇಳಿಸ್ತಾ?" ಅಂದೆ.

ಅವನ ಮುಖ ಕಪ್ಪಿಟ್ಟಿತು. "ಅದಕ್ಕೇ ಮಾರ್ತಿರೋದು ಅಕ್ಕಯ್ಯ. ಕ್ಯಾಮೆರಾ ಹಾಕ್ಸಿದ್ರೆ ನಂಗೆ ಕಣ್ ಹೋಯ್ತು ಅಂತ ಊರಿಗೆಲ್ಲ ಡಂಗುರ ಹೊಡೆದಂಗೆ. ಅದರ ಬದ್ಲು ಬಸ್ಸೇ ಬೇಡ."

ಆಗ ಕದಿರಮ್ಮ ಅಡುಗೆಮನೆಯಿಂದ ಹೊರಗೆ ಬಂದಳು. ಮುಂಗೈಗೆ ಇನ್ನೂ ಬಟ್ಟೆ ಸುತ್ತಿತ್ತು. ಗಂಡನ ಎದುರು ಜೋರಾಗಿ ಮಾತಾಡಿದವಳೇ ಅಲ್ಲ ಅವಳು.

"ನೀನು ಲಾರೀಲಿ ದೇಶವೆಲ್ಲ ನೋಡ್ದೆ. ನಾನು ಇಲ್ಲಿ ಕೂತು ನಿನ್ನ ಎಣ್ಣೆ ಬಟ್ಟೆ ಒಗ್ದೆ. ಹಬ್ಬಕ್ಕೂ ನೀನು ಇರ್ತಿರ್ಲಿಲ್ಲ. ಈಗ ಈ ಬಸ್ಸು ಬಂದ್ಮೇಲೆ ನಿನ್ನ ಪಕ್ಕ ಕೂತ್ಕೊಂಡು ನಾಕು ಊರು ನೋಡೋಕೆ ಶುರು ಮಾಡಿದೀನಿ. ಅದನ್ನೂ ಮಾರ್ತೀನಿ ಅಂತೀಯಾ? ನಂಗೆ ಏಟಾಗಿದ್ದು ಕೈಗೆ. ಬಸ್ ಮಾರಿದ್ರೆ ಹೊಟ್ಟೇಗೇ ಏಟು."

ಅವಳೇ ಸೊಸೆಯ ಕಡೆ ತಿರುಗಿ, "ಅದೇನು ಹಾಕ್ತೀಯೋ ಹಾಕಮ್ಮ. ಭಾನುವಾರದ ಒಳಗೆ ಹಾಕು" ಅಂದಳು. ಚಿಕ್ಕವೆಂಕಟಪ್ಪ ಬೇಡ ಅನ್ನಲಿಲ್ಲ. ನನಗಂತೂ ಅವಳನ್ನು ಎತ್ತಿ ಕುಣಿಸಬೇಕು ಅನ್ನಿಸಿತು.

ಮಾರನೆಯ ದಿನವೇ ಆಶಾರಾಣಿ ಏಣಿ ಹಾಕಿದಳು. ಹಿಂದಿನ ಬಾಗಿಲ ಮೇಲೆ, ನೆಲದ ಕಡೆ ಬಗ್ಗಿಸಿ, ಅಗಲವಾಗಿ ನೋಡುವ ಒಂದು ಕ್ಯಾಮೆರಾ. ಅದರ ತಂತಿಯನ್ನು ರಿವರ್ಸ್ ಲೈಟಿನ ತಂತಿಗೆ ಸೇರಿಸಿದಳು. ಹಿಂದಿನ ಗೇರ್ ಹಾಕಿದ ಕೂಡಲೇ ಡ್ರೈವರ್ ಮುಂದಿರುವ ಪರದೆ ತಾನೇ ಹೊತ್ತಿಕೊಳ್ಳುತ್ತದೆ. ಬಸ್ಸಿನ ಎರಡು ಮಗ್ಗುಲಿಗೂ, ಮುಂದಕ್ಕೂ ಒಂದೊಂದು ಕಾವಲು ಕ್ಯಾಮೆರಾ. ಚಿತ್ರವೆಲ್ಲ ಕಪಾಟಿನೊಳಗಿನ ಒಂದು ಡಬ್ಬಿಯಲ್ಲಿ ದಾಖಲಾಗುತ್ತದೆ.

ಚಿಕ್ಕವೆಂಕಟಪ್ಪ ದೂರದಲ್ಲಿ ನಿಂತು ತಪ್ಪು ಹುಡುಕುತ್ತಿದ್ದ. "ತೂತು ಕೊರ್ದಿದೀಯಲ್ಲ, ಮಳೆ ನೀರು ಇಳಿಯಲ್ವಾ?"

"ರಬ್ಬರ್ ಬಳೆ ಹಾಕಿ ಸುತ್ತ ಗಮ್ ತುಂಬಿದೀನಿ ಮಾವ. ತಂತಿನ ಪೈಪಿನೊಳಗೆ ಬಿಟ್ಟಿದೀನಿ, ಇಲೀನೂ ಕಡಿಯಲ್ಲ."

"ರಾತ್ರಿಯೆಲ್ಲ ಉರಿದ್ರೆ ಬೆಳಗ್ಗೆ ಬ್ಯಾಟ್ರಿ ಇಳಿದು ಬಸ್ಸೇ ಸ್ಟಾರ್ಟ್ ಆಗಲ್ಲ, ನೋಡ್ತಿರು."

"ಕಾವಲು ಕ್ಯಾಮೆರಾಗೆ ಇಂಜಿನ್ ಬ್ಯಾಟ್ರಿ ಮುಟ್ಟಿಲ್ಲ. ಫ್ಯಾನು, ಲೈಟಿಗೆ ಬೇರೆ ಬ್ಯಾಟ್ರಿ ಇದ್ಯಲ್ಲ, ಅದರಿಂದ ಕೊಟ್ಟಿದೀನಿ. ಫ್ಯೂಸೂ ಬೇರೆ."

ನನಗೂ ಒಂದು ಅನುಮಾನವಿತ್ತು. "ಅಲ್ಲಮ್ಮಾ, ಒಳಗೆ ನಾವು ಸೀರೆ ಉಟ್ಕೊಳ್ಳೋದೂ ಅದರಲ್ಲಿ ಬರುತ್ತಾ?"

ಆಶಾರಾಣಿ ಏಣಿಯ ಮೇಲಿಂದಲೇ ನಕ್ಕಳು. "ಒಳಗೆ ಒಂದೂ ಹಾಕಲ್ಲ ಅಕ್ಕ. ಜನ ಮಲಗೋ ಜಾಗ ಅದು. ಹೊರಗಡೆ ಹಾಕಿರೋದನ್ನೂ ಬೇರೆಯವರ ಮನೆ ಬಾಗ್ಲಿಗೋ ಬಚ್ಚಲಿಗೋ ತಿರುಗಿಸ್ಬಾರ್ದು. ಬಸ್ಸಿನ ಮೇಲೆ ಕ್ಯಾಮೆರಾ ಇದೆ ಅಂತ ಬೋರ್ಡೂ ಬರೆಸ್ತೀನಿ. ಫೋನಲ್ಲಿ ನೋಡೋ ಪಾಸ್‌ವರ್ಡನ್ನ ಮೊದಲ ದಿನಾನೇ ಬದಲಾಯಿಸ್ಬೇಕು, ಸಿಕ್ಕಿದೋರಿಗೆಲ್ಲ ಹೇಳ್ಬಾರ್ದು."

ಭಾನುವಾರ ಬೆಳಗ್ಗೆ ಪರೀಕ್ಷೆ. ಹಿಂದಿನ ದಿನ ಸಂಜೆ ಕೆಲಸ ಮುಗಿದಾಗ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಈಗ ಚಿಕ್ಕವೆಂಕಟಪ್ಪ ಗೇರ್ ಹಾಕಿದರೆ ಪರದೆ ತುಂಬ ಕೆಂಪು. "ನೋಡ್ದಾ? ಒಂದೇ ದಿನಕ್ಕೆ ಕೆಟ್ಟೋಯ್ತು" ಎಂದು ಅವನು ಗೆದ್ದವನಂತೆ ನಗತೊಡಗಿದ. ಆಶಾರಾಣಿ ಹಿಂದೆ ಹೋಗಿ ನೋಡಿದಳು. ಹೊಸ ವಸ್ತು ಬಂದಿದೆಯೆಂದು ಕದಿರಮ್ಮ ಮುಂಜಾನೆಯೇ ಪೂಜೆ ಮಾಡಿ, ಕ್ಯಾಮೆರಾದ ಕಣ್ಣಿಗೇ ಕುಂಕುಮ ಮೆತ್ತಿದ್ದಳು. ಏಣಿ ಹತ್ತಿ ಮೆತ್ತಿದ್ದಳು, ಅದೂ ಉಳುಕಿದ ಕೈಯಲ್ಲಿ. ನಮಗೆ ನಕ್ಕು ನಕ್ಕು ಹೊಟ್ಟೆ ನೋವು ಬಂತು. "ಕುಂಕುಮ ಕ್ಯಾಮೆರಾದ ಮೈಗೆ ಇಡಿ ಅತ್ತೆ. ಗಾಜು ಮಾತ್ರ ಮೆತ್ತನೆ ಬಟ್ಟೇಲಿ ದಿನಾ ಒರೆಸ್ಬೇಕು. ಧೂಳು ಕೂತ್ರೂ ಇದೇ ಗತಿ" ಎಂದು ಆಶಾರಾಣಿ ಒರೆಸಿ ತೋರಿಸಿದಳು.

ಪರದೆ ಬೆಳಗಿತು. ಹಸಿರು, ಹಳದಿ, ಕೆಂಪು ಗೆರೆಗಳು ಬಂದವು. ಕೆಂಪು ಗೆರೆಯೊಳಗೆ ಏನು ಬಂದರೂ ಬ್ರೇಕ್ ಒತ್ತಬೇಕು ಎಂದು ಆಶಾರಾಣಿ ಹೇಳಿದಳು. ಚಿಕ್ಕವೆಂಕಟಪ್ಪ ಬಗ್ಗಿ ನೋಡಿದ. ಹಿಂದೆ ಕದಿರಮ್ಮ ಆಗಲೇ ಹಾಕಿ ಮುಗಿಸಿದ್ದ ರಂಗೋಲಿ ಪೂರ್ತಿ ಕಾಣುತ್ತಿತ್ತು. ಅವನು ಬಹಳ ಹೊತ್ತು ನೋಡಿದ. ಲಾರಿ ಓಡಿಸುವಾಗ ಕತ್ತಲಲ್ಲೇ ಹೊರಟುಬಿಡುತ್ತಿದ್ದವನು, ಹೆಂಡತಿಯ ರಂಗೋಲಿಯನ್ನು ನಿಂತು ನೋಡಿದವನೇ ಅಲ್ಲ.

"ಕದಿರೀ" ಎಂದು ಕಿಟಕಿಯಿಂದ ಕೂಗಿದ. "ಎಡಗಡೆ ಮೂಲೇಲಿ ಒಂದು ಚುಕ್ಕಿ ಬಿಟ್ಟೋಗಿದೆ ಕಣೇ."

ಅವಳು ಓಡಿ ಹೋಗಿ ನೋಡಿದಳು. ಹೌದು, ಬಿಟ್ಟುಹೋಗಿತ್ತು. ಕೂತು ಚುಕ್ಕಿ ಇಟ್ಟಳು. ಪರದೆಯಲ್ಲಿ ಅವಳನ್ನು ನೋಡುತ್ತಾ ಅವನು ಬ್ರೇಕಿನ ಮೇಲಿಂದ ಕಾಲು ತೆಗೆಯಲಿಲ್ಲ, ಕಣ್ಣು ಒರೆಸಿಕೊಂಡ. ಹೊಸಕೋಟೆಯವರಿಗೆ ಬರಬೇಡಿ ಎಂದು ಹರಿಪ್ರಸಾದ್ ಫೋನ್ ಮಾಡಿದ.

ಅರ್ಧಕ್ಕೆ ನಿಂತಿದ್ದ ನಮ್ಮ ಸಂಘದ ಪ್ರವಾಸ ಘಾಟಿ ಸುಬ್ರಹ್ಮಣ್ಯದಿಂದ ಮತ್ತೆ ಶುರುವಾಯಿತು. ಬಸ್ಸು ಬಯಲಲ್ಲಿ ನಿಲ್ಲಿಸಿ ಎಲ್ಲರೂ ದರ್ಶನದ ಸಾಲಿನಲ್ಲಿ ನಿಂತಿದ್ದೆವು. ಕದಿರಮ್ಮನ ಫೋನು ಗುಂಯ್‌ಗುಟ್ಟಿತು. ಬಸ್ಸಿನ ಹತ್ತಿರ ಯಾರಾದರೂ ಸುಳಿದರೆ ಫೋನಿಗೆ ತಿಳಿಯುವಂತೆ ಆಶಾರಾಣಿ ಮಾಡಿಟ್ಟಿದ್ದಳು. ನೋಡಿದರೆ ಒಬ್ಬ ನೀಲಿ ಅಂಗಿಯವನು ನಮ್ಮ ಡೀಸೆಲ್ ಟ್ಯಾಂಕಿಗೆ ಪೈಪು ಇಳಿಸುತ್ತಿದ್ದಾನೆ, ಪಕ್ಕದಲ್ಲಿ ಕ್ಯಾನು. ಕ್ಯಾಮೆರಾದಲ್ಲಿ ಸ್ಪೀಕರೂ ಇತ್ತು. ಕದಿರಮ್ಮ ಫೋನಿನ ಗುಂಡಿ ಒತ್ತಿ ಹಿಡಿದಳು.

"ಯಾರಪ್ಪಾ ಅದು, ನಮ್ಮನೆ ಟ್ಯಾಂಕಿಗೆ ಕೈ ಹಾಕಿರೋನು? ನೀಲಿ ಅಂಗಿ, ನಿಂಗೇ ಹೇಳ್ತಿರೋದು. ಮುಚ್ಚಳ ಹಾಕು ಮೊದ್ಲು."

ಅವನು ಆಕಾಶ ನೋಡಿದ, ಚಕ್ರದ ಕೆಳಗೆ ನೋಡಿದ, ಮುಚ್ಚಳ ಹಾಕಿದ. ಹಾಕಿಯೇ ಓಡಿದ. ಕ್ಯಾನೂ ಅಲ್ಲೇ, ಒಂದು ಚಪ್ಪಲಿಯೂ ಅಲ್ಲೇ. ಸಾಲಿನಲ್ಲಿದ್ದವರೆಲ್ಲ ಫೋನಿಗೆ ಮುತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು. ದಾಖಲಾಗಿದ್ದ ಚಿತ್ರವನ್ನು ಹರಿಪ್ರಸಾದ್ ಆಮೇಲೆ ಪೊಲೀಸರಿಗೆ ಕೊಟ್ಟ. ಚಿಕ್ಕವೆಂಕಟಪ್ಪ ಸೊಸೆಯ ಕೆಲಸವನ್ನು ಸಿಕ್ಕವರಿಗೆಲ್ಲ ಹೇಳಿಕೊಂಡು ಎದೆ ಉಬ್ಬಿಸಿ ತಿರುಗಿದ.

ಮಧ್ಯಾಹ್ನ ಊಟವಾಯಿತು, ಹೊರಡಬೇಕು. ಬಯಲು ತುಂಬ ಗಾಡಿಗಳು. ಬಸ್ಸು ಹಿಂದಕ್ಕೆ ಬರದೆ ದಾರಿಯಿಲ್ಲ. ಚಿಕ್ಕವೆಂಕಟಪ್ಪ ಹಾರ್ನ್ ಮಾಡಿ ಗೇರ್ ಹಾಕಿದ್ದೇ ತಡ, ಎಲ್ಲಿದ್ದರೋ ಏನೋ, ಗುರುತು ಪರಿಚಯ ಇಲ್ಲದವರೆಲ್ಲ ಬಂದು ಬಸ್ಸಿನ ಮೈ ಬಡಿಯತೊಡಗಿದರು.

"ಬರ್ಲಿ ಗುರು, ಬರ್ಲಿ. ಲಾರಿ ಹೋಗೋಷ್ಟು ಜಾಗ ಇದೆ."

ಬಸ್ಸು ಸ್ವಲ್ಪ ಜರುಗಿ ನಿಂತಿತು.

"ಯಾಕಣ್ಣಾ ನಿಲ್ಲಿಸ್ದೆ? ನಾವು ಹೇಳ್ತಿಲ್ವಾ? ಬಾ ಬಾ."

ಅವನು ಜಗ್ಗಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಆರಿಸಿ, ಇಳಿದು ಹಿಂದೆ ಬಂದ. ಪರದೆಯ ಕೆಂಪು ಗೆರೆಯೊಳಗೆ ಒಬ್ಬ ಹೆಂಗಸು ಅವನಿಗೆ ಕಂಡಿದ್ದಳು. ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ, ಬಳೆಯಲ್ಲಿದ್ದ ಪಿನ್ನು ತೆಗೆದು ಚುಚ್ಚುತ್ತಾ ತಲೆ ತಗ್ಗಿಸಿ ಕೂತಿದ್ದಳು. ಸುತ್ತ ಅಷ್ಟು ಗಾಡಿಗಳ ಸದ್ದಿನಲ್ಲಿ ಯಾವ ಹಾರ್ನ್ ಯಾರದೆಂದು ಅವಳಿಗೆ ತಿಳಿದಿರಲಿಲ್ಲ.

ಆ ಹೆಂಗಸು ನಾನು.

ತಲೆ ಎತ್ತಿದರೆ ಬಸ್ಸು ನನ್ನ ಮುಖದ ಮುಂದೆ ಇತ್ತು, ಚಿಕ್ಕವೆಂಕಟಪ್ಪ ಕೈ ಚಾಚಿ ನಿಂತಿದ್ದ. "ಏಳಕ್ಕಯ್ಯ" ಅಂದ. ಅವನ ಕಣ್ಣಲ್ಲಿ ನೀರು, ಮುಖದ ತುಂಬ ನಗು. "ನೀನು ಕಾಣಿಸ್ದೆ ಕಣಕ್ಕ. ಈ ಸಲ ಕಾಣಿಸ್ದೆ." ಊರಿಗೆಲ್ಲ ಬಾಯಿ ಮಾಡುವ ನಾನು ಕಿತ್ತ ಚಪ್ಪಲಿ ಎತ್ತಿಕೊಂಡು, ಅವನ ಕೈ ಹಿಡಿದು ಎದ್ದೆ. ಬಸ್ಸು ಬಡಿಯುತ್ತಿದ್ದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ನಾವು ಬಸ್ಸು ಹತ್ತಿ, ಕದಿರಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಹಾಡು ಹೇಳಿಕೊಂಡು ಪ್ರವಾಸ ಮುಂದುವರಿಸಿದೆವು.

ನಿಮ್ಮ ಮನೆಯಲ್ಲಿ ಮನೆಬಸ್ಸೇ ಇರಬೇಕಾಗಿಲ್ಲ. ಟೆಂಪೋ ಇರಬಹುದು, ಟ್ರ್ಯಾಕ್ಟರ್ ಇರಬಹುದು, ಮಕ್ಕಳನ್ನು ಕರೆದೊಯ್ಯುವ ವ್ಯಾನು ಇರಬಹುದು. ಹಿಂದಕ್ಕೊಂದು ಕ್ಯಾಮೆರಾ ಹಾಕಿಸಿ, ಕೆಲಸ ಗೊತ್ತಿದ್ದವರಿಂದಲೇ ಹಾಕಿಸಿ. ಅದರ ಗಾಜನ್ನು ದಿನಾ ಒರೆಸಿ. ಕ್ಯಾಮೆರಾ ಇದೆಯೆಂದು ಮೈಮರೆಯದೆ, ಹೊರಡುವ ಮೊದಲು ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, ಹಾರ್ನ್ ಮಾಡಿ, ಕನ್ನಡಿಯನ್ನೂ ನೋಡಿ. ಪಕ್ಕದಲ್ಲಿ ನಿಂತು "ಬರ್ಲಿ" ಅನ್ನುವವರ ಮಾತು ನಂಬಿ ಕಾಲು ಒತ್ತಬೇಡಿ. ಇದು ನಾಳೆ ಮಾಡುವ ಕೆಲಸ ಅಲ್ಲ. ನನಗೆ ಆ ಮಧ್ಯಾಹ್ನ ಇನ್ನೊಂದು ನಾಳೆ ಸಿಕ್ಕಿದ್ದು ಆ ಕ್ಯಾಮೆರಾದಿಂದ. ನಿಮ್ಮ ಗಾಡಿಯ ಹಿಂದೆ ಈಗ ಯಾರು ಕೂತಿದ್ದಾರೋ, ಅವರಿಗೂ ಸಿಗಲಿ.